ದಿನ ತುಂಬಿತ್ತು

ಅಮ್ಮಾ,

ಈ ಕಾಗದ ನಿನಗೆ ತಲುಪುವುದಿಲ್ಲ ಅಂತ ಗೊತ್ತು. ಆದರೂ ಕೇಳಿದರೆ ನೀನು ಬಿದ್ದು ಬಿದ್ದು ನಗುವ ಸುದ್ದಿ, ಹೇಳದೆ ಇರಲಾರೆ. ನಮ್ಮ ನರ್ಸಿಂಗ್ ಕಾಲೇಜಿನಲ್ಲಿ ಫಸ್ಟ್ ಇಯರ್‌ನವರಿಗೆಲ್ಲ ಅಸೈನ್‌ಮೆಂಟ್ ಬಂದಿದೆ: ನೀವು ಹುಟ್ಟಿದ ಹೆರಿಗೆಯ ಕಥೆಯನ್ನು ತಾಯಿಯ ಬಾಯಿಂದಲೇ ಕೇಳಿ ಬರೆದು ತನ್ನಿ. ನೀನು ಈಗ ಇಲ್ಲವಲ್ಲ, ಅದಕ್ಕೆ ದೊಡ್ಡಮ್ಮನ ಮುಂದೆ ಫೋನ್ ಇಟ್ಟು ರೆಕಾರ್ಡ್ ಮಾಡಿದೆ. ಟೆನ್ಷನ್‌ನಲ್ಲಿ ಮೂರು ಸಲ ಬಟನ್ ಚೆಕ್ ಮಾಡಿದೆ.

“ನಿಮ್ಮಮ್ಮನಿಗೆ ದಿನ ತುಂಬಿತ್ತು. ಆದ್ರೂ ಸ್ಟೂಲ್ ಹತ್ತಿ ಫ್ಯಾನ್ ಒರೆಸ್ತಿದ್ಲು, ಮಗು ಮೇಲೆ ಧೂಳು ಬೀಳಬಾರದಂತೆ! ಅಲ್ಲೇ ನೋವು ಶುರುವಾಯ್ತು.”

ನಾನು ಬರೆದುಕೊಂಡೆ: ಅಂದು ಅಮ್ಮ ತುಂಬಾ ಬ್ಯುಸಿ ಇದ್ದರು.

ಓದಿ ಹೇಳಿದರೆ ದೊಡ್ಡಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು. “ಅಯ್ಯೋ ಹಾಸ್ಟೆಲ್ ಪಂಡಿತೆ! ದಿನ ತುಂಬೋದು ಅಂದ್ರೆ ಒಂಬತ್ತು ತಿಂಗಳು ತುಂಬೋದು. ಬ್ಯುಸಿಯಂತೆ! ಅವತ್ತು ಅವಳಿಗೆ ನಿನ್ನ ಬಿಟ್ಟು ಬೇರೆ ಕೆಲ್ಸ ಎಲ್ಲಿತ್ತು?”

ನಾನೂ ನಕ್ಕೆ, ತಪ್ಪನ್ನು ತಿದ್ದಿದೆ.

ಪ್ರತಿ ಭಾನುವಾರ ಹಾಸ್ಟೆಲ್‌ಗೆ ಫೋನ್ ಮಾಡಿ, “ನೀನು ಹುಟ್ಟಿದ ದಿನ ಏನಾಯ್ತು ಗೊತ್ತಾ?” ಅಂತ ನೀನು ಶುರು ಮಾಡುತ್ತಿದ್ದೆ. “ಬ್ಯುಸಿ ಅಮ್ಮಾ” ಅನ್ನುತ್ತಿದ್ದವಳು ನಾನು.

ಇವತ್ತು ಭಾನುವಾರ. ಸ್ಟೂಲ್ ಹತ್ತಿ ರೂಮಿನ ಫ್ಯಾನ್ ಒರೆಸಿದೆ. ಈಗ ಫ್ರೀ ಇದ್ದೇನೆ, ಅಮ್ಮಾ.