ಕೊಕ್ಕೆ ಹಾಕಿದವನ ತಪ್ಪಲ್ಲ

ದಮ್ಮಾಮ್
ಶುಕ್ರವಾರ, ೧೪ ನವೆಂಬರ್ ೨೦೨೫

ಪ್ರೀತಿಯ ಸ್ವರ್ಣಕ್ಕಾ,

ನಿನ್ನ ಬೆನ್ನುನೋವು ಹೇಗಿದೆ? ಈಗ ಬಂದವರೆಲ್ಲ ಭಾವನ ಕಾಲನ್ನೇ ವಿಚಾರಿಸುತ್ತಿರಬಹುದು, ಅದಕ್ಕೆ ನಾನು ಮೊದಲು ನಿನ್ನದನ್ನು ಕೇಳುತ್ತಿದ್ದೇನೆ. ಭಾವ ವಾಕರ್ ಹಿಡಿದು ಜಗಲಿಯವರೆಗೆ ಬಂದದ್ದನ್ನು ವಿಸ್ಮಯಾ ವಿಡಿಯೋ ಮಾಡಿ ಕಳಿಸಿದ್ದಳು. ತೊಡೆಯೊಳಗೆ ರಾಡು ಇಟ್ಟುಕೊಂಡೂ ಅವರು ಮಗಳ ಕಡೆ ನೋಡಿ ನಗುತ್ತಾರಲ್ಲ, ಅಲ್ಲಿಂದ ಮುಂದೆ ನನಗೆ ನೋಡಲಾಗಲಿಲ್ಲ. ದಿನಾ ಫೋನ್ ಮಾಡುವವನು ಕಾಗದ ಯಾಕೆ ಬರೆದ ಎಂದು ನೀನು ಕೇಳಬಹುದು. ನಿಮ್ಮಲ್ಲಿ ಫೋನ್ ಯಾವಾಗಲೂ ಸ್ಪೀಕರಿನಲ್ಲಿರುತ್ತದೆ, ಸುತ್ತ ಅತ್ತೆ, ಭಾವ, ಪಕ್ಕದ ಮನೆಯವರು ಎಲ್ಲ ಇರುತ್ತಾರೆ. ಇದು ನೆಪವೂ ಹೌದು. ಮೂರು ಸಲ ಹೇಳಲು ಹೊರಟು ಮೂರು ಸಲವೂ ಇಲ್ಲಿನ ಸೆಕೆಯ ಸುದ್ದಿ ಮಾತಾಡಿ ಫೋನ್ ಇಟ್ಟೆ. ನನ್ನ ರೂಮಿನ ಅಬ್ದುಲ್ ಹಕೀಮ್ ರಜೆಯಲ್ಲಿ ಉಪ್ಪಿನಂಗಡಿಗೆ ಹೊರಟಿದ್ದಾನೆ. ಇದನ್ನು ಅವನು ನಿನ್ನ ಕೈಯಲ್ಲೇ ಕೊಡುತ್ತಾನೆ.

ಮೇ ತಿಂಗಳಲ್ಲಿ ನೀನು ಹೇಳಿದ ಮಾತು ನನಗೆ ಹಾಗೆಯೇ ನೆನಪಿದೆ. “ಹಂದಿಗಳು ಗದ್ದೆ ಪೂರಾ ಮಗುಚಿ ಹಾಕ್ತವೆ ಮಾರಾಯ. ನಿನ್ನ ಭಾವ ಈ ಸಲ ಮರದ ಮೇಲೆ ಅಟ್ಟಣೆ ಕಟ್ಟಿ ಕೋವಿ ಹಿಡಿದು ಕೂತ್ಕೊಳ್ತಾರಂತೆ. ಬೇಡ ಅಂದ್ರೆ ಕೇಳುವವರಾ? ಹತ್ತುವವರಿಗೆ ಕಟ್ಟುವ ಬೆಲ್ಟ್ ನಿನಗೆ ಗೊತ್ತುಂಟಲ್ಲ, ಒಳ್ಳೆಯದು ಒಂದು ನೋಡಿ ತಾ.” ನಾನು ಇಲ್ಲಿಗೆ ಬಂದ ಹದಿನಾಲ್ಕು ವರ್ಷದಲ್ಲಿ ನೀನು ನನ್ನಿಂದ ಕೇಳಿದ ವಸ್ತು ಅದೊಂದೇ. ನನ್ನ ಕೆಲಸವೂ ಅದೇ. ಎಣ್ಣೆ ಟ್ಯಾಂಕುಗಳ ಮೇಲೆ ಹತ್ತುವವರ ಬೆಲ್ಟುಗಳನ್ನು ಪರೀಕ್ಷೆ ಮಾಡಿ, ಆಗುವುದಕ್ಕೆ ಸಹಿ ಹಾಕುವುದು, ಆಗದ್ದಕ್ಕೆ ಕೆಂಪು ಚೀಟಿ ಕಟ್ಟುವುದು. ಕೆಂಪು ಚೀಟಿ ಕಟ್ಟಿದ್ದನ್ನು ಇನ್ಯಾರೂ ಬಳಸದ ಹಾಗೆ ಅಲ್ಲೇ ಕತ್ತರಿಸಿ ಬಿಸಾಡಬೇಕು. ಅದು ನಿಯಮ.

ಜುಲೈಯಲ್ಲಿ ರಜೆಗೆ ಹೊರಡುವ ವಾರ ಅಂಗಡಿಗೆ ಹೋಗಿದ್ದೆ ಅಕ್ಕಾ. ಒಳ್ಳೆಯದೊಂದನ್ನು ಕೈಯಲ್ಲಿ ಹಿಡಿದೂ ನೋಡಿದೆ. ಬೆಲೆ ಕಂಡು ತಿರುಗಿ ಮೊಳೆಗೆ ತೂಗುಹಾಕಿದೆ. ಕಂಪೆನಿಯಲ್ಲಿ ಇಷ್ಟೊಂದು ಬಿದ್ದಿರುವಾಗ ಕೊಳ್ಳುವುದು ಯಾಕೆ ಎಂದು ಅನ್ನಿಸಿತು. ಮರುದಿನ ಕತ್ತರಿಸಲು ಇಟ್ಟವುಗಳಲ್ಲಿ ನೋಡಲು ಹೊಸತರಂತಿದ್ದ ಒಂದನ್ನು ತೆಗೆದುಕೊಂಡೆ. ಅದರ ಪಟ್ಟಿ, ಹೊಲಿಗೆ ಎಲ್ಲ ಚೆನ್ನಾಗಿತ್ತು. ಕೊಕ್ಕೆಯ ಸ್ಪ್ರಿಂಗ್ ಮಾತ್ರ ಸೋತಿತ್ತು. ಒಮ್ಮೆ ಸರಿಯಾಗಿ ಮುಚ್ಚುತ್ತಿತ್ತು, ಇನ್ನೊಮ್ಮೆ ಮುಚ್ಚಿದಂತೆ ಕಂಡು ಕೂದಲೆಳೆಯಷ್ಟು ತೆರೆದೇ ಉಳಿಯುತ್ತಿತ್ತು. ಅದಕ್ಕೆ ಕೆಂಪು ಚೀಟಿ ಕಟ್ಟಿದವನು ನಾನೇ. ಎಣ್ಣೆ ಬಿಟ್ಟು ಹತ್ತು ಸಲ ಹಾಕಿ ತೆಗೆದೆ, ಹತ್ತು ಸಲವೂ ಮುಚ್ಚಿತು. ಸಾಕು ಎಂದುಕೊಂಡು ಚೀಟಿಯನ್ನು ಕತ್ತರಿಸಿ ಕಿಸೆಗೆ ಹಾಕಿಕೊಂಡೆ. ಊರಿಗೆ ಬಂದು ನಿಮ್ಮ ಚಾವಡಿಯಲ್ಲಿ ಎಲ್ಲರೆದುರು “ಇಲ್ಲಿ ಸಿಗುವುದಿಲ್ಲ ಇಂಥದ್ದು, ನಮ್ಮಲ್ಲಿ ಇಂಜಿನಿಯರುಗಳು ಹಾಕುವುದು” ಎಂದೆ. ಭಾವ ಅದನ್ನು ಹಾಕಿಕೊಂಡು ಅಂಗಳದಲ್ಲಿ ಒಂದು ಸುತ್ತು ನಡೆದರು. ನೀನು ಆ ದಿನ ನನ್ನ ಬಟ್ಟಲಿಗೆ ಇನ್ನೊಂದು ಬಂಗುಡೆ ಮೀನು ಬಡಿಸಿದೆ.

ಅಕ್ಟೋಬರಿನ ಆ ಭಾನುವಾರ ನೀನು ಅಳುತ್ತಾ ಫೋನ್ ಮಾಡಿದೆ. ಭಾವ ಸಂಜೆ ಬೆಳಕಿರುವಾಗಲೇ ಮರ ಹತ್ತಿದ್ದರು, ಏಣಿಯಿಂದ ಅಟ್ಟಣೆಗೆ ಕಾಲಿಡುವಾಗ ಜಾರಿದರು, ಹಗ್ಗ ಮರದಲ್ಲೇ ಇದೆ, ಬೆಲ್ಟ್ ಸೊಂಟದಲ್ಲೇ ಇದೆ, ಕೊಕ್ಕೆ ಮಾತ್ರ ಬಿಟ್ಟುಕೊಂಡಿದೆ ಎಂದೆ. ನನಗೆ ಆ ಕ್ಷಣದಲ್ಲೇ ಗೊತ್ತಾಯಿತು. ಗೊತ್ತಾಗಿಯೂ ನಾನು ಕೇಳಿದ್ದು “ಕೊಕ್ಕೆ ಹಾಕಿದ್ದು ಯಾರು?” ಎಂದು. ನೀನು “ಚನಿಯ” ಎಂದೆ. “ಹಾಗಾದ್ರೆ ಅವನು ಸರಿ ಹಾಕಿರ್ಲಿಕ್ಕಿಲ್ಲ” ಎಂದುಬಿಟ್ಟೆ. ಭಾವನಿಗೆ ಪ್ರಜ್ಞೆ ಇದೆಯೇ ಎಂದು ಕೇಳಿದ್ದು ಆಮೇಲೆ. ಗಲ್ಫಿನಲ್ಲಿ ಇದೇ ಕೆಲಸ ಮಾಡುವವನ ಮಾತನ್ನು ಯಾರು ತಾನೇ ಅನುಮಾನಿಸುತ್ತಾರೆ? ಇಪ್ಪತ್ತು ವರ್ಷ ಭಾವನ ಜೊತೆ ಗದ್ದೆಗಿಳಿದವನು, ಆ ದಿನ ಅವರನ್ನು ಬೆನ್ನಮೇಲೆ ಹೊತ್ತು ರಸ್ತೆಯವರೆಗೆ ತಂದವನು, ಅವನಿಗೆ ನೀವು ಇನ್ನು ಮನೆಗೆ ಬರಬೇಡ ಎಂದಿರಿ. ಭಾವ ಒಬ್ಬರೇ ಅವನನ್ನು ಬಿಡಿಸಬೇಡಿ ಎಂದರಂತೆ. ಅವರ ಮಾತನ್ನೂ ನೀವು ಕೇಳದ ಹಾಗೆ ಮಾಡಿದವನು ನಾನು.

ಕಳೆದ ಭಾನುವಾರ ನಾನು ಸ್ಟೋರಿನಲ್ಲಿರುವಾಗ ಊರಿನ ಒಂದು ನಂಬರಿನಿಂದ ಫೋನ್ ಬಂತು. ಚನಿಯ. ಜಗಳಕ್ಕೆ ಎಂದುಕೊಂಡು ಹೊರಗೆ ಹೋಗಿ ಮಾತಾಡಿದೆ. ಮಾತೆಲ್ಲ ತುಳುವಿನಲ್ಲಿ, ಮೆಲ್ಲಗೆ. “ಧಣಿ, ನಿಮಗೆ ತೊಂದರೆ ಕೊಟ್ಟೆನಾ? ಒಂದು ಕೇಳ್ಲಿಕ್ಕೆ ಇತ್ತು. ಆ ದಿನ ಕೊಕ್ಕೆ ಹಾಕಿದಾಗ ಟಕ್ ಅಂತ ಶಬ್ದ ಆಗಿತ್ತು. ನಾನು ಕೇಳಿದ್ದೆ. ಆದ್ರೂ ಎಲ್ಲಿ ತಪ್ಪಿದೆ ಅಂತ ಗೊತ್ತಾಗುದಿಲ್ಲ. ನೀವು ಕಲಿತವರು, ಸರಿಯಾಗಿ ಹೇಗೆ ಹಾಕುದು ಅಂತ ಒಮ್ಮೆ ಹೇಳಿ. ನನ್ನಿಂದ ಇನ್ನೊಬ್ಬರಿಗೆ ಹಾಗೆ ಆಗುದು ಬೇಡ.” ಆ ದಿನದಿಂದ ಅವನು ತೆಂಗಿನ ಮರ ಹತ್ತುವುದನ್ನೂ ಬಿಟ್ಟಿದ್ದಾನಂತೆ. ಕೈಯ ಮೇಲೆ ನಂಬಿಕೆ ಇಲ್ಲ ಎಂದ. ನಾನು ಏನು ಮಾಡಿದೆ ಗೊತ್ತಾ ಅಕ್ಕಾ? ಕೊಕ್ಕೆ ಹಾಕುವುದು ಹೇಗೆ ಎಂದು ಅವನಿಗೆ ಹೇಳಿಕೊಟ್ಟೆ. ಐದು ನಿಮಿಷ ವಿವರಿಸಿದೆ. ಅವನು ಪ್ರತಿ ಮಾತಿಗೂ “ಹೌದು ಧಣಿ” ಎಂದ. ಕೊನೆಗೆ ಉಪಕಾರವಾಯಿತು ಎಂದೂ ಹೇಳಿದ.

ಆಮೇಲೆ ಒಳಗೆ ಬಂದು ಬೆಲ್ಟುಗಳ ಎದುರು ಕೂತರೆ ಸಹಿ ಹಾಕಲು ಕೈ ಏಳಲಿಲ್ಲ. ಎರಡು ದಿನ ಬಿಟ್ಟು ನಮ್ಮ ಮೇಲಿನವರಾದ ಹಾಶಿಮ್ ಅವರಿಗೆ ಎಲ್ಲವನ್ನೂ ಹೇಳಿದೆ. ಅವರು “ನಿನ್ನ ಸಹಿ ನೋಡಿ ಎಷ್ಟು ಜನ ಮೇಲೆ ಹತ್ತುತ್ತಾರೆ, ಗೊತ್ತಾ?” ಎಂದು ಕೇಳಿದರು. ಕೆಲಸ ಹೋಗಲಿಲ್ಲ. ಪರೀಕ್ಷೆ ಮಾಡುವ ಅಧಿಕಾರ ಹೋಯಿತು. ಈಗ ಬೂಟು, ಕೈಗವಸು ಹಂಚುತ್ತಿದ್ದೇನೆ. ಸರಿಯಾಗಿಯೇ ಮಾಡಿದರು.

ಹಕೀಮನ ಕೈಯಲ್ಲಿ ಹೊಸ ಬೆಲ್ಟ್ ಕಳಿಸಿದ್ದೇನೆ, ಅಂಗಡಿಯದ್ದು, ರಶೀದಿ ಒಳಗಿದೆ. ಈ ಸಲ ನನ್ನ ಮಾತನ್ನು ನಂಬಬೇಡ, ನೀನೇ ನೋಡು. ಸೊಂಟಕ್ಕೆ ಮಾತ್ರ ಕಟ್ಟುವುದು ಸಾಲದು, ಹೆಗಲಿಗೂ ಎರಡು ತೊಡೆಗೂ ಪಟ್ಟಿ ಇರಬೇಕು. ತಯಾರಾದ ತಾರೀಕಿನ ಚೀಟಿ ಹೊಲಿದಿರಬೇಕು, ಯಾರಾದರೂ ಕತ್ತರಿಸಿದ ಗುರುತು ಕಂಡರೆ ಮುಟ್ಟಬೇಡ. ಕೊಕ್ಕೆಯನ್ನು ಒಂದೇ ಕಡೆ ಒತ್ತಿದರೆ ತೆರೆಯಬಾರದು, ಎರಡು ಕಡೆ ಒತ್ತಿದರೆ ಮಾತ್ರ ತೆರೆಯಬೇಕು. ಮರದ ಮೇಲೆ ಹೋಗಿ ಸಿಕ್ಕಿಸಿಕೊಳ್ಳುವುದಲ್ಲ, ನೆಲದಲ್ಲಿರುವಾಗಲೇ ಹಗ್ಗಕ್ಕೆ ಸಿಕ್ಕಿಸಿ, ತಿರುಗಿ ನೆಲಕ್ಕೆ ಬರುವವರೆಗೆ ತೆಗೆಯಬಾರದು. ಇಷ್ಟೆಲ್ಲ ಜುಲೈಯಲ್ಲೂ ನನಗೆ ಗೊತ್ತಿತ್ತು. ಹಳೆಯದನ್ನು ಯಾರೂ ಮುಟ್ಟಬಾರದು ಎಂದು ನಿನ್ನೆ ಫೋನಿನಲ್ಲಿ ಹೇಳಿದ್ದು ಯಾಕೆಂದು ಈಗ ಅರ್ಥವಾಗಿರಬಹುದು. ಅದರ ಪಟ್ಟಿಗಳನ್ನೆಲ್ಲ ಕತ್ತಿಯಲ್ಲಿ ಕಡಿದು ಹಾಕು.

ಈ ಕಾಗದವನ್ನು ಭಾವನಿಗೂ ಅತ್ತೆಗೂ ಓದಿ ಹೇಳು, ಏನನ್ನೂ ಬಿಡಬೇಡ. ನೀನು ಮಾತು ಬಿಟ್ಟರೂ ನಾನು ದಿನಾ ಫೋನ್ ಮಾಡುತ್ತೇನೆ, ಎತ್ತಬೇಕೆನಿಸಿದ ದಿನ ಎತ್ತು. ಅತ್ತೆಯ ಪಾದಗಳಿಗೆ ನಮಸ್ಕಾರ. ವಿಸ್ಮಯಾ ಚೆನ್ನಾಗಿ ಓದಲಿ.

ನಿನ್ನ ತಮ್ಮ,
ಸುಶಾಂತ್

ಇನ್ನೊಂದು ಮಾತು: ಹಕೀಮ್ ಕೆಳಗೆ ಕಾರಿನಲ್ಲಿ ಕಾಯುತ್ತಿದ್ದಾನೆ. ಲಕೋಟೆ ಅಂಟಿಸುವ ಮೊದಲು ಚನಿಯನಿಗೆ ಫೋನ್ ಮಾಡಿ ಕೊಕ್ಕೆಯ ವಿಷಯ ಎಲ್ಲ ಹೇಳಿಬಿಟ್ಟೆ. ಬೈಯುತ್ತಾನೆ ಎಂದು ಕಾದೆ. ಅವನು “ಹಾಗಾದ್ರೆ ನಾನು ಸರಿಯಾಗಿಯೇ ಹಾಕಿದ್ದೆನಾ?” ಎಂದು ಕೇಳಿದ. ಹೌದು ಎಂದೆ. ಇನ್ನೊಮ್ಮೆ ಅದನ್ನೇ ಕೇಳಿದ, ಇನ್ನೊಮ್ಮೆ ಹೌದು ಎಂದೆ. ಆಮೇಲೆ ಅವನು ಅಳುವುದು ಕೇಳಿಸಿತು, ಫೋನ್ ಇಟ್ಟುಬಿಟ್ಟ. ಅಕ್ಕಾ, ಇದನ್ನು ಓದಿದ ದಿನವೇ ನೀನು ಅವನ ಮನೆಗೆ ಹೋಗು. ಇಷ್ಟು ವರ್ಷದಲ್ಲಿ ನಾವ್ಯಾರೂ ಅವನ ಮೆಟ್ಟಿಲು ಹತ್ತಿದವರಲ್ಲ. ಅವನಿಗೆ ಹೇಳಿಕಳಿಸಬೇಡ, ನೀನೇ ಹೋಗು.