ಹೂಂಗಾರ್ತಿ ಸುಮ್ಮನಾದ ಸಭೆ

ಗದಗ
ಫೆಬ್ರವರಿ ೩೦, ೨೨೧೪

ಮಾನವಿಕ ಸಂಶೋಧನಾ ಕೇಂದ್ರದ ಅಂದಿನ ಗುರುಗಳಿಗೆ ಇಂದಿನ ಫಕೀರವ್ವನ ನಮಸ್ಕಾರ.

ಮೇಲಿನ ತಾರೀಖು ತಪ್ಪಲ್ಲ. ಉದ್ದದ ಎರಡು ತಿಂಗಳುಗಳಿಂದ ಒಂದೊಂದು ದಿನ ತೆಗೆದು ಫೆಬ್ರವರಿಗೆ ಕೊಟ್ಟು ನಮ್ಮಲ್ಲಿ ಬಹಳ ಕಾಲವಾಯಿತು. ನನ್ನ ಮಾತುಗಳೂ ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಕೇಂದ್ರದ ಹಳೆಯ ವರದಿಗಳನ್ನು ಓದಿ ಕಲಿತೆ. ಕೇಂದ್ರಕ್ಕೆ ಹೊಸ ದಿಕ್ಕು ಯಾವುದು, ಅಧ್ಯಾಪಕರಿಗೆ ಎಂಥ ಬೆಂಬಲ ಬೇಕು ಎಂದು ನೀವು ಸಭೆಯ ಮೇಲೆ ಸಭೆ ನಡೆಸುತ್ತಿದ್ದೀರಿ ಎಂಬುದೂ ಅವುಗಳಿಂದಲೇ ತಿಳಿಯಿತು. ಅದಕ್ಕೇ ಬರೆಯುತ್ತಿದ್ದೇನೆ.

ಕೇಂದ್ರ ಇನ್ನೂ ಇದೆ. ಕಪ್ಪತಗುಡ್ಡದ ಮೇಲೆ ನಿಮ್ಮ ಕಾಲದ ಗಾಳಿಯಂತ್ರಗಳಿದ್ದವಲ್ಲ, ಅವುಗಳ ಕಂಬಗಳಲ್ಲಿ ಈಗ ಗಿಳಿಗಳು ಸಂಸಾರ ಹೂಡಿವೆ. ಯಂತ್ರಗಳ ರೆಕ್ಕೆಗಳನ್ನು ಕೊಯ್ದು ನಮ್ಮ ಮೇಜುಗಳನ್ನು ಮಾಡಿದ್ದಾರೆ. ಅವು ಸ್ವಲ್ಪ ಬಾಗಿರುವುದರಿಂದ ಪೆನ್ನು ಇಟ್ಟರೆ ಉರುಳುತ್ತದೆ. ಸಮುದ್ರ ಏರಿದಾಗ ಕರಾವಳಿಯಿಂದ ಘಟ್ಟ ಹತ್ತಿ ಬಂದವರ ಓಣಿಗಳು ಗುಡ್ಡದ ಬುಡದವರೆಗೂ ಹಬ್ಬಿವೆ. ಮಧ್ಯಾಹ್ನದ ಬುತ್ತಿಯಲ್ಲಿ ಜೋಳದ ರೊಟ್ಟಿಯ ಪಕ್ಕ ಒಣಮೀನಿನ ಚಟ್ನಿ ಇರುವುದು ಇಲ್ಲಿ ಯಾರಿಗೂ ವಿಶೇಷವಲ್ಲ. ನಮ್ಮ ಅಧ್ಯಾಪಕರಿಗೆ ಆಗಾಗ ಒಂದು ಬೀಳು ವರ್ಷ ಸಿಗುತ್ತದೆ. ಹೊಲವನ್ನು ಬೀಳು ಬಿಟ್ಟಂತೆ ಆ ವರ್ಷ ಪಾಠವಿಲ್ಲ, ಪ್ರಕಟಣೆಯಿಲ್ಲ, ಏನು ಮಾಡಿದಿರಿ ಎಂದು ಕೇಳುವವರೂ ಇಲ್ಲ.

ಅದಕ್ಕಿಂತ ದೊಡ್ಡ ಬೆಂಬಲವೆಂದರೆ ಹೂಂಗಾರರು. ಅಜ್ಜಿ ಕತೆ ಹೇಳುವಾಗ ಮೊಮ್ಮಗು ಹೂಂ ಅನ್ನದಿದ್ದರೆ ಕತೆ ಮುಂದೆ ಹೋಗುವುದಿಲ್ಲ. ಇದು ನಿಮಗೂ ಗೊತ್ತಿರುವ ಪದ್ಧತಿ. ನಮ್ಮ ಕೇಂದ್ರ ಅದನ್ನೇ ಒಂದು ಹುದ್ದೆ ಮಾಡಿದೆ. ಪ್ರತಿ ಅಧ್ಯಾಪಕರಿಗೂ ಹೊರಗಿನವರೊಬ್ಬರು ಜೊತೆಯಾಗಿ ಅವರ ಕೆಲಸ ಕೇಳುತ್ತಾರೆ. ತಿಳಿದರೆ ಹೂಂ ಅನ್ನಬೇಕು, ತಿಳಿಯದಿದ್ದರೆ ಸುಮ್ಮನಿರಬೇಕು. ಸುಮ್ಮನಾದ ಕಡೆಯಿಂದ ಅಧ್ಯಾಪಕರು ಮತ್ತೆ ಶುರು ಮಾಡಬೇಕು. ಹೂಂಗಾರರು ಜಾಣರೇನಲ್ಲ. ಒಮ್ಮೆ ನನಗೆ ತೂಕಡಿಕೆ ಬಂದು ಸುಮ್ಮನಾಗಿದ್ದೆ, ಪಾಪ, ಅಕ್ಕೋರು ಒಂದೇ ಪುಟವನ್ನು ಮೂರು ಸಲ ವಿವರಿಸಿದರು.

ಅಕ್ಕೋರು ಅಂದರೆ ಪ್ರೊಫೆಸರ್ ಸುವಾರ್ತಾ ಕೊತಬಾಳ. ನಾನು ಅವರ ಹೂಂಗಾರ್ತಿ. ಶಾಲೆಯಲ್ಲಿ ಮಾಸ್ತರು ತಿಳೀತಾ ಎಂದು ಕೇಳಿದಾಗಲೆಲ್ಲ ಇಲ್ಲ ಎನ್ನುತ್ತಿದ್ದೆ. ಇಡೀ ತರಗತಿ ನನಗಾಗಿ ಕಾಯಲಾಗದು ಎಂದರು, ನಾನೂ ಕಾಯಲಿಲ್ಲ, ಹತ್ತನೆಯದರಲ್ಲಿ ಬಿಟ್ಟುಬಂದೆ. ನನಗೆ ಒಂದೆಡೆ ಕೂರಲೂ ಆಗುವುದಿಲ್ಲ. ಹಾಗಾಗಿ ನಾವಿಬ್ಬರೂ ಗುಡ್ಡದ ಮೇಲೆ ನಡೆಯುತ್ತ ಕೆಲಸ ಮಾಡುತ್ತೇವೆ.

ಈ ವರ್ಷ ಕೇಂದ್ರಕ್ಕೆ ತಿರುವು ಸಭೆಯ ವರ್ಷ. ಹನ್ನೆರಡು ವರ್ಷಕ್ಕೊಮ್ಮೆ ದಿಕ್ಕನ್ನು ಹೊಸದಾಗಿ ಆರಿಸಬೇಕು. ಈ ಸಲ ವಿಶ್ವವಿದ್ಯಾಲಯ ಖಡಕ್ಕಾಗಿ ಹೇಳಿತ್ತು: ದಿಕ್ಕು ಒಪ್ಪಿಗೆಯಾಗದಿದ್ದರೆ ಕೇಂದ್ರ ಮುಚ್ಚುತ್ತದೆ, ಕಟ್ಟಡ ಲೆಕ್ಕಮನೆಗೆ ಹೋಗುತ್ತದೆ. ಲೆಕ್ಕಮನೆ ಎಂದರೆ ಎಣಿಸುವ ಯಂತ್ರಗಳನ್ನು ತಣ್ಣಗೆ ಇಡುವ ಜಾಗ. ಅದನ್ನು ತೀರ್ಮಾನಿಸಲು ಕೋಮಲಾ ಹರಿಕಂತ್ರ ಎಂಬ ಅಧಿಕಾರಿ ಬಂದಿದ್ದರು.

ಹೊಸ ದಿಕ್ಕಿನ ಕರಡನ್ನು ಸಭೆಯಲ್ಲಿ ಅಕ್ಕೋರು ಓದಿದರು. ಎದುರಿಗೆ ಹೂಂಗಾರ್ತಿಯಾಗಿ ನಾನು. "ಬಹುಶಿಸ್ತೀಯ ಪರಿಪ್ರೇಕ್ಷ್ಯದಲ್ಲಿ ಸಾಮುದಾಯಿಕ ಅಸ್ಮಿತೆಗಳ ಪುನರ್‌ವ್ಯಾಖ್ಯಾನ" ಎಂದು ಮೊದಲ ಸಾಲು. ನಾನು ಸುಮ್ಮನಾದೆ. ಮತ್ತೆ ಓದಿದರು. ಆಗಲೂ ನನಗೆ ಹೂಂ ಬರಲಿಲ್ಲ. ಸಭೆಯಲ್ಲಿ ಕೆಮ್ಮು, ಗುಸುಗುಸು. ನಿರ್ದೇಶಕರು ಬಗ್ಗಿ ಮೆಲ್ಲಗೆ ಅಂದರು: "ಏ ಫಕೀರವ್ವ, ಒಂದ್ ಹೂಂ ಅನ್ನವಾ ತಾಯಿ. ಕೇಂದ್ರ ಉಳೀಬೇಕೋ ಬ್ಯಾಡೋ?"

ಉಳಿಯಬೇಕೆಂಬ ಆಸೆ ನನಗಿಂತ ಹೆಚ್ಚು ಯಾರಿಗೂ ಇರಲಿಲ್ಲ. ನನಗೆ ಹೋಗಲು ಬೇರೆ ಜಾಗವೇ ಇಲ್ಲ. ಆದರೂ ಅಂದೆ: "ತಿಳೀಲಾರದ್ದಕ್ಕ ಹೂಂ ಅನ್ನಾಕ ಬರ್ತಿದ್ರ ಸಾಲ್ಯಾಗ ಪಾಸ್ ಆಗ್ತಿದ್ನಿರಿ, ಸರ."

ಹಿಂದಿನ ಸಾಲಿನವರು ನಕ್ಕರು. ನಿರ್ದೇಶಕರು ನಗಲಿಲ್ಲ. ಅಕ್ಕೋರು ಕರಡನ್ನು ಮಡಚಿ ಮೇಜಿನ ಮೇಲಿಟ್ಟರು.

"ನನಗೂ ತಿಳದಿಲ್ಲ, ಫಕೀರವ್ವ" ಎಂದರು. "ಎಲ್ಲಾರೂ ಕೂಡಿ ಬರದೇವಿ. ಯಾರಿಗೂ ಸಿಟ್ಟ ಬರಬಾರದು ಅಂತ ಬರದೇವಿ. ಸಿಟ್ಟ ಬರೂದೂ ಇಲ್ಲ, ಯಾಕಂದ್ರ ಅದರಾಗ ಏನೂ ಇಲ್ಲ."

ಆಮೇಲೆ ಗುಡ್ಡದ ಮೇಲೆ ನನ್ನೊಡನೆ ಮಾತಾಡುವ ಧಾಟಿಯಲ್ಲೇ ಶುರು ಮಾಡಿದರು. "ಕಡಲ ಮಂದಿ ಇಲ್ಲಿಗೆ ಬಂದು ನಾಕ ತಲಿಮಾರ ಆತು."

"ಹೂಂ" ಎಂದೆ.

"ಇನ್ನೂ ಅವರಿಗೆ ಬಂದವರು ಅಂತೀವಿ. ಎಷ್ಟ ವರ್ಷ ಇದ್ದರ ಮನುಷ್ಯಾ ಈ ಊರಾಂವ ಆಗ್ತಾನ? ಅದನ್ನ ಯಾರು ಠರಾವ ಮಾಡತಾರ? ಇತಿಹಾಸದವರು, ಭಾಷಾದವರು, ಹಾಡು ಕೂಡಿಸವರು, ಎಲ್ಲಾರೂ ಇದೊಂದನ್ನ ಕೇಳ್ಕೊಂತ ಮುಂದಿನ ಹನ್ನೆರಡ ವರ್ಷ ಕೂಡಬೇಕಂತ ನನ್ನಾಸೆ. ಉತ್ತರಾ ಸಿಗತೈತಿ ಅಂತ ಖಾತ್ರಿ ಕೊಡಾಂಗಿಲ್ಲ. ನಮಗ ವೇಳ್ಯಾ ಕೊಡ್ರಿ, ಕೇಳವರನ್ನ ಕೊಡ್ರಿ."

ನಾನು ಹೂಂ ಅನ್ನುವ ಮೊದಲೇ ಇನ್ನೊಂದು ಹೂಂ ಕೇಳಿಸಿತು. ಅದು ಕೋಮಲಾ ಹರಿಕಂತ್ರ ಅವರದು. ಅನ್ನಬೇಕೆಂದು ಅಂದದ್ದಲ್ಲ, ಬಾಯಿಂದ ತಾನಾಗಿ ಬಂದದ್ದು. ಅವರೇ ಒಂದು ಕ್ಷಣ ಗಾಬರಿಯಾದರು. "ನಾವೂ ಕಡಲ ಮಂದಿ. ನಮ್ಮಜ್ಜಿ ಹುಟ್ಟಿದ್ದ ಇದೇ ಗದಗಿನಾಗ" ಎಂದರು. "ಈಗೂ ಮಂದಿ ಕೇಳ್ತಾರ, ನಿಮ್ಮ ಊರು ಯಾವದು ಅಂತ." ಆಮೇಲೆ ಕುರ್ಚಿಯನ್ನು ಅಕ್ಕೋರ ಕಡೆ ಎಳೆದುಕೊಂಡು, "ಮುಂದ ಹೇಳ್ರಿ" ಎಂದರು.

ಸಂಜೆಯ ಹೊತ್ತಿಗೆ ದಿಕ್ಕು ಒಪ್ಪಿಗೆಯಾಯಿತು. ಅಕ್ಕೋರ ಮೇಲೆ ನನಗಿರುವ ಹೆಮ್ಮೆಯನ್ನು ಹೇಳಲು ಹಳೆಯ ವರದಿಗಳಲ್ಲಿ ಪದ ಹುಡುಕಿದೆ, ಸಿಗಲಿಲ್ಲ. ಅಷ್ಟು ಓದಿದವರು, ತಾವೇ ಸೇರಿ ಬರೆದ ಕರಡನ್ನು, ತಮ್ಮ ಇಡೀ ಕೆಲಸ ಪಣಕ್ಕಿದ್ದಾಗ ಮಡಚಿಟ್ಟರಲ್ಲ! ಸುಮ್ಮನಿದ್ದುದಕ್ಕೆ ನನ್ನ ಮೇಲೂ ಹೆಮ್ಮೆಯಿದೆ. ಇಲ್ಲ ಎಂದರೆ ಸುಳ್ಳಾಗುತ್ತದೆ.

ನಿಮ್ಮಲ್ಲಿ ಒಂದೇ ಕೋರಿಕೆ. ನಿಮ್ಮ ಕರಡನ್ನು ಮೇಲಿನವರಿಗೆ ಕಳಿಸುವ ಮೊದಲು ಹೊರಗಿನ ಒಬ್ಬರನ್ನು ಎದುರಿಗೆ ಕೂರಿಸಿಕೊಂಡು ಓದಿ. ಅವರು ಸುಮ್ಮನಾದರೆ ಸಿಟ್ಟು ಮಾಡಬೇಡಿ, ಹಾಳೆ ಮಡಚಿಡಿ, ನಿಮಗೆ ನಿಜವಾಗಿ ಏನು ಬೇಕೆಂದು ಬಾಯಲ್ಲಿ ಹೇಳಿ.

ಇಷ್ಟುದ್ದ ಓದುವಾಗ ನೀವು ಎಲ್ಲೆಲ್ಲಿ ಹೂಂ ಎಂದಿರೋ ಇಲ್ಲಿಗೆ ನನಗೆ ಕೇಳಿಸುವುದಿಲ್ಲ. ಎಲ್ಲಿ ಸುಮ್ಮನಾದಿರೋ, ಅಲ್ಲಿನ ತಪ್ಪು ನನ್ನದು.