ಗುಂಡಯ್ಯ ಮಾವನ ಹೆಸರಿನ ಫೈಲು

ಹೊಳೆನರಸೀಪುರ
೧೨ ಫೆಬ್ರವರಿ ೨೦೨೫, ಬುಧವಾರ

ಪ್ರೀತಿಯ ದಿವ್ಯಕ್ಕ,

ಹೇಗಿದ್ದೀರಿ? ಸೊಂಟನೋವು ಕಡಿಮೆಯಾಯಿತೇ? ಕಂದ ಹಾಲು ಕುಡಿದು ಚೆನ್ನಾಗಿ ನಿದ್ದೆ ಮಾಡುತ್ತಾಳೆಯೇ? ಕಿವಿಗೆ ಹತ್ತಿ ಇಟ್ಟುಕೊಂಡಿದ್ದೀರಿ ತಾನೆ? ಬಾಣಂತಿ ಪರದೆ ನೋಡಿದರೆ ಕಣ್ಣಿನ ನರ ಸೋಲುತ್ತದೆಂದು ನಿಮ್ಮ ಅಮ್ಮ ಲಕ್ಕಮ್ಮನವರು ನಿಮ್ಮ ಫೋನನ್ನು ಅಕ್ಕಿ ಡಬ್ಬದಲ್ಲಿ ಹೂತಿಟ್ಟ ಸುದ್ದಿ ಇಲ್ಲಿಗೂ ಬಂತು. ರುದ್ರೇಶ ಭಾವ ನಿಮ್ಮನ್ನು ನೋಡಲು ಅರಕಲಗೂಡಿಗೆ ಬಂದಾಗಲೂ ಅಮ್ಮ “ಮಗೀನ್ ಮಕ ನೋಡ್ಕೊಂಡು ಓಗಿ. ಆಪೀಸ್ ಮಾತೆತ್ತಿದ್ರೆ ನಾನೇ ಬಸ್ಸಿಗತ್ತಿಸಿ ಬತ್ತೀನಿ” ಅಂದರಂತೆ. ಅದಕ್ಕೇ ಈ ಕಾಗದ, ಮೆಂತ್ಯದುಂಡೆ ಡಬ್ಬಿಯ ತಳದಲ್ಲಿ. ಡಬ್ಬಿ ತರುವ ಮಾವಯ್ಯನಿಗೂ ಗೊತ್ತಿಲ್ಲ.

ನಿಮ್ಮ ಹಾಲು ಪರೀಕ್ಷೆಯ ಯಂತ್ರದ ವಿಷಯ. ಮೊನ್ನೆ ಸೋಮವಾರದೊಳಗೆ ಪ್ರೋಗ್ರಾಂ ಯಂತ್ರದ ಹೊಸ ಸರ್ಕ್ಯೂಟ್ ಬೋರ್ಡಿನಲ್ಲಿ ಓಡದಿದ್ದರೆ ಕೆಲಸ ಬೇರೆಯವರಿಗೆ ಕೊಡುತ್ತೇವೆಂದು ಹಾಸನದ ಕಂಪನಿಯವರು ಹೇಳಿಬಿಟ್ಟಿದ್ದರು. ಆರು ವರ್ಷ ನೀವು ಕೂತು ಬರೆದದ್ದು! ಭಾವ ಚಿಂತೆಯಲ್ಲಿ ಊಟ ಬಿಟ್ಟರು. ಆಮೇಲೆ ಹಸಿವಾಗಿ ಎರಡು ಸಲ ಉಂಡರು.

ರೊಟ್ಟಿ ತಟ್ಟುತ್ತಾ ನೀವು ಹೇಳಿಕೊಟ್ಟದ್ದು ನನಗೆ ನೆನಪಿತ್ತು. ನಾವು ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವುದು ಕಂಪೈಲರ್. ಬೋರ್ಡು ಬದಲಾದರೆ ಕಂಪೈಲರೂ ಬದಲಾಗುತ್ತದೆ, ಒಂದೊಂದು ಕಂಪೈಲರಿಗೆ ಒಂದೊಂದು ರೀತಿಯಲ್ಲಿ ಹೇಳಬೇಕು. ಆ ಮಾತುಗಳನ್ನೆಲ್ಲ ಮ್ಯಾಕ್ರೋ ಎಂಬ ಒಂದೇ ಹೆಸರಿನ ಹಿಂದೆ ಅಡಗಿಸಿಡಬೇಕು. ಆದರೆ ನೀವು ಅಡಗಿಸಿಟ್ಟದ್ದು ನೂರ ಹನ್ನೆರಡು ಫೈಲುಗಳಲ್ಲಿ! ಬೇಸರ ಮಾಡಿಕೊಳ್ಳಬೇಡಿ ಅಕ್ಕ, ಸೂಜಿ ಇಟ್ಟ ಜಾಗವನ್ನೇ ಮರೆಯುವವರು ನೀವು. ಎಲ್ಲವನ್ನೂ ಒಂದೇ ಫೈಲಿಗೆ ತರೋಣವೆಂದು ಭಾವ ಹುಡುಕುತ್ತಾ ಹೋದರು, ನಾನು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿದೆ. “ಐದ್ನೇ ಕ್ಲಾಸಿಗೇ ಓದು ಬಿಟ್ಟೋಳ್ಗೆ ಇದೆಲ್ಲ ಯಾಕಮ್ಮ” ಎಂದಿದ್ದವರು, ತಾವು ಬಿಟ್ಟಿದ್ದ ಒಂಬತ್ತು ಜಾಗಗಳನ್ನು ನಾನು ತೋರಿಸಿದ ಮೇಲೆ ಕುರ್ಚಿಯನ್ನು ನನ್ನ ಕಡೆಗೆ ತಳ್ಳಿದರು.

ಭಾನುವಾರ ಹೊಸ ಬೋರ್ಡಿಗೆ ಹಾಕಿ ನಮ್ಮ ಹಸುವಿನ ಹಾಲನ್ನೇ ಪರೀಕ್ಷಿಸಿದೆವು. ಕೊಬ್ಬು ಶೇಕಡಾ ಎಂಬತ್ತೊಂದು ಎಂದು ತೋರಿಸಿತು. ಭಾವ ತಲೆ ಮೇಲೆ ಕೈ ಹೊತ್ತು ಕೂತರು. ಅತ್ತೆ ಮಾತ್ರ “ನಮ್ ಗೌರಿ ಬೆಣ್ಣೇನೇ ಕೊಡ್ತಾವ್ಳೆ ಬಿಡ್ಲಾ” ಎಂದು ಹೋಗಿ ಹಸುವಿಗೆ ದೃಷ್ಟಿ ತೆಗೆದರು.

ಫೈಲನ್ನು ನೋಡುತ್ತಾ ನೋಡುತ್ತಾ ನನಗೆ ನಾದಿನಿ ರಂಜಿನಿಯ ಮದುವೆ ನೆನಪಾಯಿತು. ತಾಂಬೂಲದ ಚೀಲ ಹಂಚಲು ನನ್ನನ್ನು ನಿಲ್ಲಿಸಿದ್ದರಲ್ಲ. “ಹೆಣ್ಣಿನ ಕಡೆಯವರಾ?” ಎಂದು ಕೇಳಿ ಕೇಳಿ ತೆಂಗಿನಕಾಯಿ ಚೀಲ ಕೊಟ್ಟೆ. ಹಳೇಕೋಟೆ ಗುಂಡಯ್ಯ ಮಾವನೂ “ಊಂ ಕಣವ್ವ” ಅಂದರು. ಸುಳ್ಳೇನಲ್ಲ. ಆದರೆ ಅವರು ಮದುಮಗಳ ಸೋದರಮಾವ, ಸ್ಟೀಲ್ ಡಬ್ಬಿ ಸಲ್ಲಬೇಕಾದವರು. ಮುನಿಸಿಕೊಂಡು ಉಣ್ಣದೆ ಹೊರಟರು. ಅತ್ತೆ ನನಗೆ “ಮೊದ್ಲು ಸೋದರಮಾವನ್ ಮನೆಯೋರಾ ಅಂತ ಕೇಳಾದಲ್ವೇನಮ್ಮಿ? ಎಣ್ಣಿನ್ ಕಡೆಯೋರಾ ಅಂದ್ರೆ ಎಲ್ರೂ ಊಂ ಅಂತಾರೆ” ಎಂದಿದ್ದರು.

ಇಲ್ಲೂ ಅದೇ ಆಗಿತ್ತು. ನಮ್ಮ ಫೈಲು ಮೊದಲು “ನೀನು ಹಳೇ ಕಂಪೈಲರ್ ಕಡೆಯವನಾ?” ಎಂದು ಕೇಳುತ್ತಿತ್ತು. ಹೊಸದೂ ಅದೇ ವಂಶದ್ದು, ಹೂಂ ಎಂದು ಹಳೆಯದರ ಮಾತನ್ನೇ ತೆಗೆದುಕೊಂಡು, ಅರ್ಥವಾಗದ್ದನ್ನು ನುಂಗಿ ಕೂರುತ್ತಿತ್ತು. “ಭಾವ, ಗುಂಡಯ್ಯ ಮಾವನನ್ನು ಮೊದಲು ಕೇಳಿ” ಎಂದೆ. ನನಗೆ ಬಿಸಿಲು ತಾಗಿದೆಯೆಂದು ನೀರು ತಂದುಕೊಟ್ಟರು. ಬಿಡಿಸಿ ಹೇಳಿದ ಮೇಲೆ ಹೊಸದರ ಪ್ರಶ್ನೆಯನ್ನು ಮೇಲಕ್ಕೆ ತಂದರು. ಗೌರಿಯ ಹಾಲು ನಾಲ್ಕೂಕಾಲಿಗೆ ಇಳಿಯಿತು. ಅತ್ತೆಗೆ ಇನ್ನೂ ಬೇಸರ. ಸೋಮವಾರ ಹಾಸನದಲ್ಲಿ ಒಪ್ಪಿದರು ಅಕ್ಕ. ಕೆಲಸ ನಿಮ್ಮದೇ.

ಫೈಲಿಗೆ ಭಾವ ಗುಂಡಯ್ಯ ಎಂದೇ ಹೆಸರಿಟ್ಟಿದ್ದಾರೆ. ಹಳೇಕೋಟೆಗೆ ತಿಳಿಸಿಲ್ಲ. ಲಕ್ಕಮ್ಮನವರಿಗೆ ನಮಸ್ಕಾರ, ಕಂದನ ಅಂಗಾಲಿಗೆ ಒಂದು ಮುತ್ತು.

ನಿಮ್ಮ ಓರಗಿತ್ತಿ
ನೀಲಾ

ಮರೆತಿದ್ದೆ: ಆ ಫೈಲು ನೋಡಿದ ಹಾಸನದವರು, ಈ ಗುಂಡಯ್ಯ ಯಾರು, ಮುಂದಿನ ಸೋಮವಾರ ಕರೆತನ್ನಿ, ಉಳಿದ ಫೈಲುಗಳನ್ನೂ ಜೋಡಿಸಿಕೊಡಲಿ ಎಂದಿದ್ದಾರೆ. ಮಾವನಿಗೆ ಪಂಚೆ ಉಡಿಸಿ ಕರೆದೊಯ್ಯುತ್ತೇನೆಂದು ಭಾವ ನಗುತ್ತಾರೆ. ನಾನೇ ಹೋಗಲೇ ಅಕ್ಕ? ಇನ್ನೂ ಯಾರಿಗೂ ಹೇಳಿಲ್ಲ, ಬಾಯೇ ಬರುತ್ತಿಲ್ಲ. ಡಬ್ಬಿಯನ್ನು ಹೇಗೂ ಬರಿದಾಗಿ ಹಿಂದಕ್ಕೆ ಕಳಿಸುವುದಿಲ್ಲವಲ್ಲ. ಬೇಡವೆಂದರೆ ಅಕ್ಕಿ ಹಾಕಿ. ಹೋಗು ಎಂದರೆ ಸಕ್ಕರೆ.